ಹುಟ್ಟೂರನ್ನು ಓದಿದ ವಿದ್ಯಾರ್ಥಿಗಳು: ಮದರಾಸು ಮತ್ತು ಪುಣೆಗಳಲ್ಲಿ ಪ್ರಾದೇಶಿಕ ಅರ್ಥಶಾಸ್ತ್ರದ ಬೋಧನೆ

1915ರ ಡಿಸೆಂಬರ್ ತಿಂಗಳಲ್ಲಿ ಗಿಲ್ಬರ್ಟ್ ಸ್ಲೇಟರ್ ಎಂಬ ಆಂಗ್ಲ ವಿದ್ವಾಂಸರು ಮದರಾಸಿಗೆ ಬಂದಿಳಿದರು. ಅಲ್ಲಿಯ ವಿಶ್ವವಿದ್ಯಾನಿಲಯವು ಭಾರತೀಯ ಅರ್ಥಶಾಸ್ತ್ರಕ್ಕೆಂದು ಸ್ಥಾಪಿಸಿದ ಪೀಠಕ್ಕೆ ಅವರೇ ಮೊದಲನೆಯ ಪ್ರಾಧ್ಯಾಪಕರು. ಆಗ ಅವರಿಗೆ ಐವತ್ತು ದಾಟಿತ್ತು. ಭಾರತವನ್ನು ಅದಕ್ಕೆ ಮೊದಲು ಕಂಡವರಲ್ಲ. ಇಲ್ಲಿಯ ಯಾವ ಭಾಷೆಯನ್ನೂ ಅರಿತವರಲ್ಲ. ಇಂಥವರನ್ನು ಭಾರತೀಯ ಅರ್ಥಶಾಸ್ತ್ರವನ್ನು ಕಲಿಸುವುದಕ್ಕೆ ಕರೆಸಿದುದು ವಿಚಿತ್ರವೆಂದು ಯಾರಿಗಾದರೂ ತೋರಬಹುದು. ಆದರೆ ಈ ಅಜ್ಞಾನವೇ ಮುಂದೆ ಒಂದು ಬೋಧನಕ್ರಮಕ್ಕೆ ಕಾರಣವಾಯಿತು. ಗುರುವಿಗೆ ತಿಳಿಯದುದನ್ನು ಶಿಷ್ಯರೇ ಹೋಗಿ ಕೇಳಿಕೊಂಡು ಬರಬೇಕಾಯಿತು. ಅವರು ಕೇಳಿಕೊಂಡು ಬಂದುದು ಮೂರೇ ವರ್ಷಗಳಲ್ಲಿ ಗ್ರಂಥವಾಗಿ ಹೊರಬಂದಿತು.

ಆ ಕಾಲದ ಕಾಲೇಜುಗಳಲ್ಲಿ ಅರ್ಥಶಾಸ್ತ್ರವೆಂದರೆ ಮಿಲ್ ಮತ್ತು ಮಾರ್ಷಲ್ ಮಹಾಶಯರ ಗ್ರಂಥಗಳು. ಸಿದ್ಧಾಂತಗಳು ಇಂಗ್ಲೆಂಡಿನವು, ಉದಾಹರಣೆಗಳೂ ಇಂಗ್ಲೆಂಡಿನವೇ. ಲ್ಯಾಂಕಷೈರಿನ ಗಿರಣಿಯ ಕೂಲಿ ಹೇಗೆ ನಿರ್ಣಯವಾಗುತ್ತದೆಂಬುದನ್ನು ವಿದ್ಯಾರ್ಥಿಯು ಬಾಯಿಪಾಠವಾಗಿ ಒಪ್ಪಿಸಬಲ್ಲವನಾಗಿದ್ದನು. ತನ್ನ ತಂದೆಯ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೆ ದಿನಕ್ಕೆ ಎಷ್ಟು ಬತ್ತವನ್ನು ಅಳೆದು ಕೊಡುತ್ತಾರೆಂಬುದು ಅವನಿಗೆ ತಿಳಿದಿರಬಹುದು. ಆದರೆ ಅದು ಶಾಸ್ತ್ರದ ವಿಷಯವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಇದಕ್ಕೆ ಮೊದಲು ಎಚ್ಚರಿಕೆಯ ಮಾತು ಹೇಳಿದವರಿಲ್ಲವೆಂದಲ್ಲ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮಹಾದೇವ ಗೋವಿಂದ ರಾನಡೆಯವರು ಭಾರತೀಯ ಅರ್ಥಶಾಸ್ತ್ರವನ್ನು ಕುರಿತು ಮಾಡಿದ ಉಪನ್ಯಾಸವು ಪ್ರಸಿದ್ಧವಾಗಿದೆ. ಒಂದು ದೇಶದ ಸ್ಥಿತಿಗತಿಗಳಿಂದ ಹುಟ್ಟಿದ ಸೂತ್ರಗಳು ಎಲ್ಲ ದೇಶಗಳಿಗೂ ಎಲ್ಲ ಕಾಲಗಳಿಗೂ ಸಲ್ಲವೆಂದು ಅವರು ಅಲ್ಲಿ ವಾದಿಸಿದರು. ರಾನಡೆಯವರ ವಾದವು ರಾಷ್ಟ್ರದ ಮಟ್ಟದ್ದು. ಆಮದು, ರಫ್ತು, ಸುಂಕ, ಕೈಗಾರಿಕೆ ಇವೇ ಅದರ ಕ್ಷೇತ್ರ. ಅದನ್ನು ಒಂದು ಊರಿನ ಎಲ್ಲೆಯೊಳಗೆ ಇಳಿಸಿ ನೋಡುವ ಕೆಲಸವು ಉಳಿದೇ ಇತ್ತು.

ಊರುಗಳ ವಿಷಯವಾಗಿ ಬರಹವೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ಬೇಕಾದಷ್ಟು ಇತ್ತು, ಅದೆಲ್ಲವೂ ಸರ್ಕಾರದ ದಫ್ತರದಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳ ಪ್ರಾಂತಗಳನ್ನು ಸುತ್ತಿ ಊರೂರಿನಲ್ಲಿಯೂ ಬಿತ್ತನೆ, ಇಳುವರಿ, ಕೂಲಿ, ಗೇಣಿಗಳನ್ನು ವಿಚಾರಿಸಿ ಬರೆದುಕೊಂಡನು. 1807ರಲ್ಲಿ ಅದು ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಆಮೇಲೆ ಕಂದಾಯ ನಿಷ್ಕರ್ಷೆಯ ವರದಿಗಳು, ಜಿಲ್ಲಾ ಗ್ಯಾಸೆಟಿಯರುಗಳು, ಕ್ಷಾಮ ಸಮಿತಿಯ ಸಂಪುಟಗಳು ಒಂದರ ಮೇಲೊಂದು ಬಂದವು. ಇವುಗಳಲ್ಲಿ ಪ್ರಶ್ನೆ ಕೇಳುವವನು ಅಧಿಕಾರಿ. ಉತ್ತರ ಹೇಳುವವನು ಕಂದಾಯ ಕೊಡುವವನು. ದಫ್ತರದ ಕಾಗದವನ್ನು ಕೈಯಲ್ಲಿ ಹಿಡಿದವನ ಮುಂದೆ ಯಾವ ರೈತನು ತನ್ನ ಹೊಲದ ನಿಜವಾದ ಇಳುವರಿಯನ್ನು ಹೇಳಿಯಾನು? ಸ್ಲೇಟರರ ಕ್ರಮದಲ್ಲಿ ಹೊಸದಾಗಿದ್ದುದು ವಿಷಯವಲ್ಲ, ಕೇಳುವವನು ಬದಲಾದುದು.

ಸ್ಲೇಟರರ ಪೂರ್ವಚರಿತ್ರೆಯನ್ನು ತಿಳಿದರೆ ಅವರು ಈ ದಾರಿಯನ್ನು ಹಿಡಿದುದು ಆಕಸ್ಮಿಕವೆನಿಸುವುದಿಲ್ಲ. 1909ರಿಂದ ಅವರು ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಅದು ದುಡಿಯುವ ವರ್ಗದ ವಯಸ್ಕರಿಗಾಗಿ ಏರ್ಪಟ್ಟ ವಿದ್ಯಾಲಯ. ಗಣಿಯಲ್ಲಿಯೋ ರೈಲ್ವೆಯಲ್ಲಿಯೋ ಕೆಲಸ ಮಾಡಿ ಬಂದವನಿಗೆ ಕೂಲಿಯ ಸಿದ್ಧಾಂತವನ್ನು ಹೇಳುವ ಗುರುವು ಅವನ ಅನುಭವವನ್ನು ಕೇಳದೆ ಮುಂದುವರಿಯುವಂತಿಲ್ಲ. ಅದಕ್ಕೂ ಮೊದಲು, 1907ರಲ್ಲಿ, ಇಂಗ್ಲೆಂಡಿನ ರೈತಾಪಿ ಜನರನ್ನೂ ಅಲ್ಲಿಯ ಸಾಮುದಾಯಿಕ ಹೊಲಗಳಿಗೆ ಬೇಲಿ ಬಿದ್ದ ಚರಿತ್ರೆಯನ್ನೂ ಕುರಿತ ಗ್ರಂಥವನ್ನು ಅವರು ಪ್ರಕಟಿಸಿದ್ದರು. ಊರಿಗೆಲ್ಲ ಸೇರಿದ್ದ ಬಯಲುಗಳು ಪಾರ್ಲಿಮೆಂಟಿನ ಶಾಸನಗಳ ಮೂಲಕ ಒಂದೊಂದಾಗಿ ಖಾಸಗಿ ಸ್ವತ್ತಾದುದನ್ನೂ, ಸಣ್ಣ ಹಿಡುವಳಿಯವರು ಕೂಲಿಗಳಾದುದನ್ನೂ ಅವರು ಊರುಗಳ ಲೆಕ್ಕ ಹಿಡಿದು ತೋರಿಸಿದರು. ಇಂಗ್ಲೆಂಡಿನಲ್ಲಿ ಅಳಿದುಹೋದ ಗ್ರಾಮದ ಚರಿತ್ರೆಯನ್ನು ಹಳೆಯ ಕಾಗದಗಳಿಂದ ಕಟ್ಟಿದ್ದವರಿಗೆ ಮದರಾಸಿನ ಸುತ್ತ ಬದುಕಿರುವ ಸಾವಿರಾರು ಗ್ರಾಮಗಳು ಕಂಡವು.

ಕ್ರಮವು ಬಹು ಸರಳವಾದುದು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗೆ ಪ್ರಾಧ್ಯಾಪಕರು ಒಂದು ಪ್ರಶ್ನಾವಳಿಯನ್ನು ಕೊಡುವರು. ಊರಿನ ಜನಸಂಖ್ಯೆ ಎಷ್ಟು, ಯಾವ ಯಾವ ಜಾತಿಯ ಮನೆಗಳು ಎಷ್ಟೆಷ್ಟು, ತರಿಯೆಷ್ಟು ಖುಷ್ಕಿಯೆಷ್ಟು, ಯಾರ ಕೈಯಲ್ಲಿ ಎಷ್ಟು ಭೂಮಿ, ಯಾವ ಬೆಳೆ, ಎಷ್ಟು ದನ, ಕೂಲಿ ಯಾವ ರೂಪದಲ್ಲಿ, ಸಾಲ ಯಾರಿಂದ, ಬಡ್ಡಿ ಎಷ್ಟು, ಬೇಸಾಯವಿಲ್ಲದ ತಿಂಗಳುಗಳಲ್ಲಿ ಯಾರು ಏನು ಮಾಡುತ್ತಾರೆ, ಒಂದು ಸಂಸಾರದ ವರ್ಷದ ಆದಾಯವೇನು ವೆಚ್ಚವೇನು — ಹೀಗೆ. ವಿದ್ಯಾರ್ಥಿಯು ತನ್ನ ಊರಿನಲ್ಲಿಯೇ ಇದನ್ನು ಕೇಳಿ ಬರೆದು ತರಬೇಕು. ಆಯ್ದ ಬರಹಗಳನ್ನು ಸ್ಲೇಟರರು ತಿದ್ದಿ ಜೋಡಿಸಿ, 1918ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ‘ದಕ್ಷಿಣ ಭಾರತದ ಕೆಲವು ಗ್ರಾಮಗಳು’ ಎಂಬರ್ಥದ ಹೆಸರಿನಿಂದ ಇಂಗ್ಲಿಷಿನಲ್ಲಿ ಹೊರತಂದರು. ರಾಮನಾಡು ಜಿಲ್ಲೆಯ ವಡಮಲೈಪುರಂ, ತಿರುನೆಲ್ವೇಲಿಯ ಗಂಗೈಕೊಂಡಾನ್, ತಂಜಾವೂರಿನ ಪಾಲಕುರಿಚ್ಚಿ, ದಕ್ಷಿಣ ಆರ್ಕಾಟಿನ ಇರುವೇಲ್ಪಟ್ಟು, ಉತ್ತರ ಆರ್ಕಾಟಿನ ದೂಸಿ — ಈ ಹೆಸರುಗಳು ಅಂದಿನಿಂದ ಭಾರತದ ಅರ್ಥಶಾಸ್ತ್ರಜ್ಞರಿಗೆ ಪರಿಚಿತವಾದವು. ಹೊಳೆಯ ಬಯಲು, ಕೆರೆಯ ಕೆಳಗಿನ ತರಿ, ಮಳೆಯನ್ನು ನಂಬಿದ ಕರಿನೆಲ ಇವೆಲ್ಲವೂ ಒಂದೇ ಹೊತ್ತಗೆಯಲ್ಲಿ ಪಕ್ಕಪಕ್ಕದಲ್ಲಿ ಬಂದುದು ಅದರ ಸೊಗಸು. ಸ್ಲೇಟರರೇ 1924ರಲ್ಲಿ ದ್ರಾವಿಡ ಸಂಸ್ಕೃತಿಯನ್ನು ಕುರಿತು ಬರೆದ ಗ್ರಂಥದ ಊಹೆಗಳನ್ನು ಇಂದು ವಿದ್ವಾಂಸರು ಆಧಾರವಾಗಿ ಎತ್ತಿಕೊಳ್ಳುವುದು ಅಪರೂಪ. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ರಜೆಯಲ್ಲಿ ಬರೆದುಕೊಟ್ಟ ಗ್ರಾಮವರ್ಣನೆಗಳಾದರೋ ನೂರು ವರ್ಷಗಳಾದರೂ ಹಳತಾಗಿಲ್ಲ.

ಈ ಅಭ್ಯಾಸದಿಂದ ವಿದ್ಯಾರ್ಥಿಯು ಕಲಿತುದು ಏನು? ಮೊಟ್ಟಮೊದಲು ಅಳತೆಯ ಕಷ್ಟವನ್ನು. ಪುಸ್ತಕದಲ್ಲಿ ಎಕರೆಯೂ ಪೌಂಡೂ ಇರುತ್ತವೆ. ತಂಜಾವೂರಿನ ರೈತನಿಗೆ ಭೂಮಿಯೆಂದರೆ ವೇಲಿ ಮತ್ತು ಮಾ; ಇಪ್ಪತ್ತು ಮಾ ಸೇರಿದರೆ ಒಂದು ವೇಲಿ, ಅದು ಆರು ಎಕರೆ ಅರವತ್ತೇಳು ಸೆಂಟುಗಳಷ್ಟು. ಚೆಂಗಲ್ಪಟ್ಟಿನ ಕಡೆಗೆ ಬಂದರೆ ಕಾಣಿಯ ಲೆಕ್ಕ. ಅದು ಸುಮಾರು ಒಂದೂಕಾಲು ಎಕರೆಗೆ ತುಸು ಹೆಚ್ಚು. ಬತ್ತದ ಅಳತೆಯು ಊರಿನಿಂದ ಊರಿಗೆ ಬೇರೆ. ಕೂಲಿಗೆ ಅಳೆಯುವ ಪಡಿಯೂ ಮಾರಾಟಕ್ಕೆ ಅಳೆಯುವ ಪಡಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಕನ್ನಡನಾಡಿನ ಓದುಗರಿಗೆ ಇದು ಹೊಸದಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವು ಮೈಸೂರು ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಖಂಡುಗ ಭೂಮಿಯೆಂದರೆ ಅಷ್ಟು ಬೀಜವನ್ನು ಹಿಡಿಯುವ ನೆಲ. ಗದ್ದೆಯಲ್ಲಿ ಬೀಜ ಒತ್ತಾಗಿ ಬೀಳುತ್ತದೆ, ಹೊಲದಲ್ಲಿ ವಿರಳವಾಗಿ. ಆದುದರಿಂದ ಖಂಡುಗದ ಗದ್ದೆಗೂ ಖಂಡುಗದ ಹೊಲಕ್ಕೂ ವಿಸ್ತಾರದಲ್ಲಿ ಬಹಳ ಅಂತರ. ಇಂಥ ಅಳತೆಯನ್ನು ಎಕರೆಗೆ ಇಳಿಸಲು ಕುಳಿತ ವಿದ್ಯಾರ್ಥಿಗೆ ಭೂಮಿಯ ಬೆಲೆಯನ್ನು ನಿರ್ಣಯಿಸುವುದು ನೀರು ಎಂಬ ಪಾಠವು ಯಾವ ಉಪನ್ಯಾಸವೂ ಇಲ್ಲದೆ ತಲೆಗೆ ಹತ್ತುತ್ತಿತ್ತು.

ಎರಡನೆಯದು ಕೂಲಿಯ ಪಾಠ. ಗ್ರಂಥದ ಪ್ರಕಾರ ಕೂಲಿಯೆಂಬುದು ದುಡಿಮೆಯ ಬೆಲೆ. ಬೇಡಿಕೆ ಪೂರೈಕೆಗಳಿಂದ ಅದು ಏರುತ್ತದೆ, ಇಳಿಯುತ್ತದೆ. ಇರುವೇಲ್ಪಟ್ಟಿನ ವರ್ಣನೆಯಲ್ಲಿ ಬರುವ ಪಡಿಯಾಳು ಈ ಸೂತ್ರಕ್ಕೆ ಸಿಕ್ಕುವವನಲ್ಲ. ಮದುವೆಗೋ ಮತ್ತೊಂದಕ್ಕೋ ಒಡೆಯನಿಂದ ಅವನು ಸಾಲ ತೆಗೆದುಕೊಳ್ಳುವನು. ಆ ಸಾಲ ತೀರುವವರೆಗೆ ಅದೇ ಮನೆಯ ಆಳಾಗಿರುವೆನೆಂದು ಒಪ್ಪುವನು. ಕೂಲಿಯನ್ನು ಕಾಳಿನಲ್ಲಿ ಕೊಡುತ್ತಿದ್ದರು. ಹೊಟ್ಟೆಗೆ ಹೊರತಾಗಿ ಅದರಲ್ಲಿ ಉಳಿಯುವುದೇನೂ ಇಲ್ಲ. ಸಾಲವು ತೀರುವುದೇ ಇಲ್ಲ. ತಂದೆಯ ಋಣವು ಮಗನ ಹೆಗಲಿಗೆ ಬರುವುದು. ಅವನ ಕೂಲಿಯನ್ನು ನಿರ್ಣಯಿಸುವುದು ಪೇಟೆಯಲ್ಲ, ಋಣ. ಮೈಸೂರು ಸೀಮೆಯ ಜೀತದ ಆಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಸಂಬಂಧಕ್ಕೆ ಮಾರ್ಷಲರ ಗ್ರಂಥದಲ್ಲಿ ಅಧ್ಯಾಯವಿರಲಿಲ್ಲ. ಸ್ಲೇಟರರ ಸಂಪುಟದಲ್ಲಿ ಅದು ವಿಶ್ವವಿದ್ಯಾನಿಲಯದ ಮುದ್ರೆಯೊಂದಿಗೆ ಅಚ್ಚಾಯಿತು.

ಆದರೆ ಇಲ್ಲಿಯೇ ಆ ಕ್ರಮದ ದೌರ್ಬಲ್ಯವನ್ನೂ ಹೇಳಬೇಕಾಗುತ್ತದೆ. 1916ರಲ್ಲಿ ಮದರಾಸಿಗೆ ಬಂದು ಓದುತ್ತಿದ್ದ ತರುಣನು ಯಾರು? ಬಹುಮಟ್ಟಿಗೆ ಭೂಮಿಯುಳ್ಳ ಮನೆತನದವನು, ಮೇಲುಜಾತಿಯವನು. ಅವನಿಗೆ ಊರು ಗೊತ್ತು ಎಂಬುದು ನಿಜ. ಆದರೆ ಅದು ಜಗುಲಿಯ ಮೇಲಿನಿಂದ ಕಂಡ ಊರು. ಸಾಲದ ವಿಷಯವನ್ನು ಅವನು ಯಾರನ್ನು ಕೇಳಬೇಕಾಗಿತ್ತೋ ಅವರು ಹಲವು ಕಡೆ ಅವನ ಮನೆಗೇ ಸಾಲಗಾರರು. ಗೇಣಿಯ ಪ್ರಮಾಣವನ್ನು ಒಕ್ಕಲಿಗನಿಂದ ಕೇಳಿದರೂ ಒಕ್ಕಲಿಗನು ಉತ್ತರ ಹೇಳುವುದು ಒಡೆಯನ ಮಗನಿಗೆ. ಕೇರಿಯ ಮನೆಯೊಳಗೆ ಒಲೆಯ ಮೇಲೆ ಏನು ಬೇಯುತ್ತದೆಂಬುದನ್ನು ಅವನು ಒಳಗೆ ಹೋಗಿ ನೋಡುವಂತಿರಲಿಲ್ಲ. ಹೊರಗೆ ನಿಂತು ಕೇಳಿ ಬರೆದುಕೊಳ್ಳಬೇಕು. ಹೆಂಗಸರ ದುಡಿಮೆಯ ಲೆಕ್ಕವಂತೂ ಗಂಡಸರ ಬಾಯಿಂದ ಬಂದುದು. ಬಡ ಸಂಸಾರದ ಆಯವ್ಯಯವನ್ನು ಬಾಯಿಮಾತಿನಿಂದ ಕೇಳಿ ಬರೆದರೆ ವೆಚ್ಚವು ಆದಾಯವನ್ನು ಮೀರಿ ನಿಲ್ಲುವುದು ಸಾಮಾನ್ಯ. ಕೊರತೆಯನ್ನು ಯಾವುದರಿಂದ ತುಂಬಿಕೊಂಡರೆಂಬುದು ತಿಳಿಯುವುದಿಲ್ಲ. ಅಧಿಕಾರಿಯ ಮುಂದೆ ಮುಚ್ಚುತ್ತಿದ್ದ ಬಾಯಿ ಒಡೆಯನ ಮಗನ ಮುಂದೆ ಪೂರ್ತಿಯಾಗಿ ತೆರೆಯಿತೆಂದು ಹೇಳಲಾಗದು. ಆದರೂ ಪಡಿಯಾಳಿನ ಋಣವು ಈ ಬರಹಗಳಲ್ಲಿಯೇ ದಾಖಲಾಯಿತೆಂಬುದನ್ನು ಮರೆಯಬಾರದು. ಪ್ರಶ್ನೆಯು ಕಾಗದದ ಮೇಲೆ ಇದ್ದುದರಿಂದ ಅದನ್ನು ಕೇಳದೆ ಬಿಡುವಂತಿರಲಿಲ್ಲ.

ಅದೇ ಕಾಲದಲ್ಲಿ ಪುಣೆಯಲ್ಲಿ ಇನ್ನೊಂದು ಕ್ರಮವು ನಡೆದಿತ್ತು. ಅಲ್ಲಿಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಅವರು ಮೂಲತಃ ರಸಾಯನಶಾಸ್ತ್ರಜ್ಞರು. ಅವರು ವಿದ್ಯಾರ್ಥಿಯನ್ನು ಅವನ ಊರಿಗೆ ಕಳುಹಿಸಲಿಲ್ಲ. ತಾವೇ ಕಾಲೇಜಿನ ಸಹೋದ್ಯೋಗಿಗಳೊಡನೆ ಒಂದು ಊರನ್ನು ಹಿಡಿದು ಮಣ್ಣು, ನೀರು, ಬೆಳೆ, ಹಿಡುವಳಿ, ಸಾಲ ಎಲ್ಲವನ್ನೂ ಶೋಧಿಸಿದರು. ಪುಣೆಗೆ ಸಮೀಪದ ಪಿಂಪಳೆ ಸೌದಾಗರ್ ಎಂಬ ಗ್ರಾಮದ ಮೇಲಿನ ಅವರ ಗ್ರಂಥವು 1917ರಲ್ಲಿಯೂ, ದೂರದ ಒಣಭೂಮಿಯ ಜಾತೇಗಾಂವ್ ಬುದ್ರುಕ್ ಗ್ರಾಮದ ಮೇಲಿನ ಗ್ರಂಥವು 1921ರಲ್ಲಿಯೂ ಮುಂಬಯಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಮಾಲೆಯಲ್ಲಿ ಪ್ರಕಟವಾದವು. ಸರಾಸರಿ ಹಿಡುವಳಿಯು 1771ರಲ್ಲಿ 40 ಎಕರೆಯಷ್ಟಿದ್ದುದು 1915ರ ವೇಳೆಗೆ 7 ಎಕರೆಗೆ ಇಳಿದಿತ್ತೆಂದು ಮೊದಲನೆಯ ಗ್ರಾಮದ ಹಳೆಯ ಕಾಗದಗಳಿಂದ ಅವರು ತೋರಿಸಿದುದು ಭಾರತದ ಭೂಸಮಸ್ಯೆಯನ್ನು ಚರ್ಚಿಸಿದವರೆಲ್ಲರೂ ಎತ್ತಿಹೇಳಿದ ಅಂಕಿಯಾಯಿತು. ಅದಕ್ಕಿಂತ ಕಠೋರವಾದುದು ಸಂಸಾರಗಳ ವಿಂಗಡಣೆ. ಪಿಂಪಳೆಯ 103 ಸಂಸಾರಗಳಲ್ಲಿ ಭೂಮಿಯೊಂದರಿಂದಲೇ ತಮ್ಮ ಮಟ್ಟಕ್ಕೆ ತಕ್ಕಂತೆ ಬಾಳಬಲ್ಲವು 8. ಹೊರಗಿನ ದುಡಿಮೆಯನ್ನು ಸೇರಿಸಿಕೊಂಡು ಬಾಳಬಲ್ಲವು 28. ಎರಡನ್ನೂ ಸೇರಿಸಿದರೂ ಆಗದವು 67. ಜಾತೇಗಾಂವಿನ 147 ಸಂಸಾರಗಳಲ್ಲಿ ಈ ಸಂಖ್ಯೆಗಳು ಕ್ರಮವಾಗಿ 10, 12 ಮತ್ತು 125.

ಈ ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಪ್ರಾದೇಶಿಕ ಅರ್ಥಶಾಸ್ತ್ರದ ಮೊದಲ ಪಾಠ ಸಿಕ್ಕುತ್ತದೆ. ಪಿಂಪಳೆಗೆ ಪುಣೆ ಹತ್ತಿರ. ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಕೂಲಿ ನಡೆದುಹೋಗುವಷ್ಟು ದೂರದಲ್ಲಿತ್ತು. ಜಾತೇಗಾಂವಿಗೆ ಅಂಥ ಆಸರೆ ಇರಲಿಲ್ಲ. ಹೊರಗಿನ ದುಡಿಮೆಯಿಂದ ಉಳಿದುಕೊಂಡವರು ಒಂದರಲ್ಲಿ ಇಪ್ಪತ್ತೆಂಟು, ಇನ್ನೊಂದರಲ್ಲಿ ಹನ್ನೆರಡು. ಗ್ರಾಮದ ಬಡತನವನ್ನು ಗ್ರಾಮದ ಎಲ್ಲೆಯೊಳಗೇ ಹುಡುಕಿದರೆ ಸಿಕ್ಕದು. ನಗರದ ದಾರಿ ಎಷ್ಟು ಉದ್ದವೆಂದೂ ಅಳೆಯಬೇಕು. ಕಾಲದ ಚೇಷ್ಟೆಯನ್ನು ನೋಡಿದರೆ, ಅದೇ ಪಿಂಪಳೆ ಸೌದಾಗರ್ ಇಂದು ಪಿಂಪ್ರಿ–ಚಿಂಚ್‌ವಡ್ ಮಹಾನಗರಪಾಲಿಕೆಯೊಳಗೆ ಸೇರಿ ಬಹುಮಹಡಿ ವಸತಿಗಳಿಂದ ತುಂಬಿಹೋಗಿದೆ. ಹಿಂಜವಡಿಯ ಗಣಕಯಂತ್ರ ಸಂಸ್ಥೆಗಳಿಗೆ ಅಲ್ಲಿಂದ ದಿನವೂ ಹೋಗಿಬರುವವರಲ್ಲಿ ಕನ್ನಡಿಗರೂ ಇದ್ದಾರೆ. ಅವರ ವಸತಿಯ ತಳಹದಿಯು ಮ್ಯಾನ್ ಅವರು ತುಂಡುತುಂಡಾಗಿ ಎಣಿಸಿದ ಹೊಲಗಳ ಮೇಲೆ ನಿಂತಿದೆ.

ಕನ್ನಡ ಮಾತನಾಡುವ ಸೀಮೆಯು ಈ ಎರಡೂ ಕ್ರಮಗಳ ಅಂಚಿನಲ್ಲಿತ್ತು. ಮೈಸೂರಿನ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ಅವು ಬೇರೆಯಾದವು. ಸ್ಲೇಟರರು ಬಂದು ಆಗ ಏಳೆಂಟು ತಿಂಗಳು ಮಾತ್ರವಾಗಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸಿನಲ್ಲಿಯೇ ಉಳಿದವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ವಿದ್ಯಾರ್ಥಿಗಳು ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕುಳಿತರು. ರಾಯಚೂರು, ಕಲಬುರ್ಗಿ, ಬೀದರದವರಿಗೆ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಬಂದಿತು. ಅಲ್ಲಿ ಬೋಧನೆಯ ಭಾಷೆ ಉರ್ದು. ಹೀಗೆ ಒಂದೇ ಭಾಷೆಯ ರೈತನ ಮಕ್ಕಳು ಅರ್ಥಶಾಸ್ತ್ರವನ್ನು ಕೆಲವರು ಇಂಗ್ಲಿಷಿನಲ್ಲಿಯೂ ಕೆಲವರು ಉರ್ದುವಿನಲ್ಲಿಯೂ ಕಲಿತರು. ಕನ್ನಡದಲ್ಲಿ ಕಲಿತವರು ಯಾರೂ ಇಲ್ಲ. ಸ್ಲೇಟರರು ಮದರಾಸಿಗೆ ಬಂದ ಆ 1915ರಲ್ಲಿಯೇ ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಲೀಯ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಶಾಸ್ತ್ರದ ಹೆಸರೂ ಅದರ ಪ್ರಾಚೀನ ಗ್ರಂಥವೂ ಮೈಸೂರಿನಿಂದ ಲೋಕಕ್ಕೆ ದೊರೆತವು. ಮೈಸೂರಿನ ಒಂದು ಹಳ್ಳಿಯ ಅರ್ಥವನ್ನು ಕನ್ನಡದಲ್ಲಿ ಬರೆಯುವ ಪಾಠವು ಮಾತ್ರ ಕಾಲೇಜಿನಲ್ಲಿರಲಿಲ್ಲ.

ಇದು ಅಭಿಮಾನದ ಮಾತಲ್ಲ, ಶಾಸ್ತ್ರದ ಅಗತ್ಯ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ ಮತ್ತು ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನಗಳಿದ್ದವು. ಮೂಲಗೇಣಿಯವನದು ಶಾಶ್ವತವಾದ ಹಕ್ಕು; ಗೊತ್ತಾದ ಗೇಣಿಯನ್ನು ಸಲ್ಲಿಸುವವರೆಗೆ ಅವನನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಒಡೆಯನ ಇಚ್ಛೆಯವರೆಗೆ ಇರತಕ್ಕವನು. ಇಂಗ್ಲಿಷಿನ ‘ಟೆನೆಂಟ್’ ಎಂಬ ಒಂದೇ ಮಾತಿನಲ್ಲಿ ಇಬ್ಬರನ್ನೂ ಎಣಿಸಿ ಪಟ್ಟಿ ಮಾಡಿದರೆ ಆ ಜಿಲ್ಲೆಯ ಭೂಸಂಬಂಧವೇ ಕಾಣೆಯಾಗುತ್ತದೆ. 1974ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ ನ್ಯಾಯಮಂಡಳಿಗಳ ಮುಂದೆ ಬಂದ ಸಹಸ್ರಾರು ಅರ್ಜಿಗಳಿಗೆ ಆಧಾರವು ‘ಇವನು ಯಾವ ಬಗೆಯ ಒಕ್ಕಲು’ ಎಂಬ ಪ್ರಶ್ನೆಯೇ. ಹಳ್ಳಿಯ ಮಾತು ತಿಳಿಯದವನು ಹಳ್ಳಿಯ ಲೆಕ್ಕವನ್ನು ತಪ್ಪು ಕಲಮಿನಲ್ಲಿ ಬರೆಯುತ್ತಾನೆ. ಪೂರ್ತಿಯಾಗಿ ಆಂಗ್ಲ ಶಿಕ್ಷಣ ಪಡೆದ ವಿದ್ಯಾರ್ಥಿಯು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ, ತಾಯ್ನುಡಿಯಲ್ಲಿ ಕೇಳಿ, ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವಾಗ ಎರಡು ಸಲ ಹೊಳೆ ದಾಟಬೇಕಾಗಿತ್ತು. ಪ್ರತಿಸಲವೂ ಸ್ವಲ್ಪ ಸರಕು ನೀರುಪಾಲಾಗುತ್ತಿತ್ತು.

ಇತರ ವಿಶ್ವವಿದ್ಯಾನಿಲಯಗಳಲ್ಲಿಯೂ ಈ ದಿಕ್ಕಿನ ಪ್ರಯತ್ನಗಳು ನಡೆದವು. ಮುಂಬಯಿಯಲ್ಲಿ 1919ರಿಂದ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪ್ಯಾಟ್ರಿಕ್ ಗೆಡ್ಡಿಸ್ ಅವರು ಯೋಜನೆಗೆ ಮೊದಲು ಸಮೀಕ್ಷೆ ಎಂಬುದನ್ನು ಮಂತ್ರದಂತೆ ಉಪದೇಶಿಸಿದರು. ಅವರ ವಿದ್ಯಾರ್ಥಿಯಾಗಿದ್ದ ಜಿ. ಎಸ್. ಘುರ್ಯೆಯವರು ಬರೆದ ಪ್ರಬಂಧದ ವಿಷಯವು ನಗರಕೇಂದ್ರವಾಗಿ ಮುಂಬಯಿ. ಲಖನೌದಲ್ಲಿ ರಾಧಾಕಮಲ ಮುಖರ್ಜಿಯವರು ಪ್ರದೇಶವೆಂಬುದನ್ನೇ ಶಾಸ್ತ್ರದ ಮೂಲಘಟಕವನ್ನಾಗಿ ಮಾಡಿದರು. ಪಂಜಾಬಿನಲ್ಲಿ 1919ರಲ್ಲಿ ಆರ್ಥಿಕ ವಿಚಾರಣಾ ಮಂಡಲಿಯು ಏರ್ಪಟ್ಟಿತು. ಇವುಗಳ ವಿವರಕ್ಕೆ ಬೇರೆ ಲೇಖನವೇ ಬೇಕಾದೀತು.

ಪುಣೆಯ ಧನಂಜಯರಾವ್ ಗಾಡಗೀಳರ ವಿಷಯವನ್ನು ಮಾತ್ರ ಹಾಗೆ ಬಿಟ್ಟುಬಿಡಲಾಗದು. 1930ರಲ್ಲಿ ಗೋಖಲೆ ಅರ್ಥಶಾಸ್ತ್ರ–ರಾಜಕೀಯಶಾಸ್ತ್ರ ಸಂಸ್ಥೆಯು ಸ್ಥಾಪನೆಯಾದಾಗ ಅವರು ಅದರ ಮೊದಲನೆಯ ನಿರ್ದೇಶಕರಾದರು. ಅವರು ಕೈಗೆತ್ತಿಕೊಂಡ ವಿಷಯಗಳನ್ನು ನೋಡಿದರೆ ಆಗಿನ ಪಂಡಿತರಿಗೆ ನಗು ಬಂದಿದ್ದರೂ ಆಶ್ಚರ್ಯವಿಲ್ಲ. ಪುಣೆಯ ಪೇಟೆಯಲ್ಲಿ ಹಣ್ಣಿನ ಮಾರಾಟ. ಮುಂಬಯಿ ಪ್ರಾಂತದ ಆರು ಜಿಲ್ಲೆಗಳಲ್ಲಿ ಮೋಟಾರು ಬಸ್ಸುಗಳ ಸಂಚಾರ. ವಾಯಿ ತಾಲ್ಲೂಕಿನ ಬೇಸಾಯದ ಆಯವ್ಯಯ. ತೋಟಗಾರನಿಂದ ಹೊರಟ ಹಣ್ಣು ದಲ್ಲಾಳಿಯ ಕೈಯಿಂದ ಚಿಲ್ಲರೆ ಅಂಗಡಿಗೆ ಬರುವಷ್ಟರಲ್ಲಿ ಬೆಲೆ ಎಲ್ಲೆಲ್ಲಿ ಏರುತ್ತದೆಂಬುದನ್ನು ಹುಡುಕಿದವರಿಗೆ ಮಾರುಕಟ್ಟೆಯ ಸಿದ್ಧಾಂತವು ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಅವರು ನಡೆಸಿದ ಪುಣೆ ನಗರದ ಸಮೀಕ್ಷೆಯು 1945 ಮತ್ತು 1952ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಹಳ್ಳಿಯಷ್ಟೇ ನಗರವೂ ಸ್ಥಳೀಯ ಅರ್ಥಶಾಸ್ತ್ರದ ವಸ್ತುವೆಂಬುದನ್ನು ಅದು ಸ್ಥಾಪಿಸಿತು. ಇನ್ನೂ ಒಂದು ವಿಶೇಷವುಂಟು: ಗಾಡಗೀಳರು ಬರೆದು ಕೈಮುಗಿದು ಕುಳಿತವರಲ್ಲ. ವಿಠಲರಾವ್ ವಿಖೆ ಪಾಟೀಲರು ಅಹಮದನಗರ ಜಿಲ್ಲೆಯಲ್ಲಿ ಕಬ್ಬು ಬೆಳೆಯುವ ರೈತರನ್ನು ಕೂಡಿಸಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದಾಗ ಅದರ ಅಧ್ಯಕ್ಷತೆಯನ್ನು ವಹಿಸಿ ಮೊದಲ ವರ್ಷಗಳಲ್ಲಿ ಅದನ್ನು ನಡೆಸಿಕೊಟ್ಟರು. ಸಮೀಕ್ಷೆಯ ಅಂಕಿಗಳು ಊರಿಗೆ ಮರಳಿ ಹೋದ ಕೆಲವೇ ನಿದರ್ಶನಗಳಲ್ಲಿ ಇದು ಒಂದು.

ಮದರಾಸಿನಲ್ಲಿ ಸ್ಲೇಟರರು 1921ರಲ್ಲಿ ಪೀಠವನ್ನು ಬಿಟ್ಟರು. ಅವರ ತರುವಾಯ ಬಂದವರಲ್ಲಿ ಪಿ. ಜೆ. ಥಾಮಸ್ ಅವರು ಹಳೆಯ ಪ್ರಶ್ನಾವಳಿಯ ಬೆಲೆಯನ್ನು ಅರಿತವರು. 1929ರಿಂದ ಜಗತ್ತನ್ನು ಮುತ್ತಿದ ಬೆಲೆಕುಸಿತದಿಂದ ಮದರಾಸು ಪ್ರಾಂತದಲ್ಲಿ ಬತ್ತದ ಬೆಲೆಯು ಸುಮಾರು ಅರ್ಧಕ್ಕೆ ಇಳಿದಿತ್ತು. ಕಂದಾಯ ಇಳಿಯಲಿಲ್ಲ, ಬರೆದುಕೊಟ್ಟ ಸಾಲವೂ ಇಳಿಯಲಿಲ್ಲ. ಹತ್ತು ಮೂಟೆ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಇಪ್ಪತ್ತು ಮೂಟೆ ಬೇಕಾಯಿತು. ಇಂಥ ಸಮಯದಲ್ಲಿ, 1936–37ರಲ್ಲಿ, ಥಾಮಸ್ ಅವರೂ ಕೆ. ಸಿ. ರಾಮಕೃಷ್ಣನ್ ಅವರೂ ಸ್ಲೇಟರರ ಗ್ರಾಮಗಳಿಗೇ ಮತ್ತೆ ಶೋಧಕರನ್ನು ಕಳುಹಿಸಿದರು. ಆ ಪುನಸ್ಸಮೀಕ್ಷೆಯು 1940ರಲ್ಲಿ ಪ್ರಕಟವಾಯಿತು. ಒಂದು ಊರಿನ ವರ್ಣನೆಯು ಒಂದೇ ಸಲಕ್ಕೆ ಚಿತ್ರ. ಅದೇ ಊರನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಬರೆದರೆ ಅದು ಚರಿತ್ರೆ. ಸ್ಲೇಟರರು ಪಾಠವೆಂದು ಆರಂಭಿಸಿದುದು ಥಾಮಸ್ ಅವರ ಕೈಯಲ್ಲಿ ಆಧಾರಗ್ರಂಥವಾಯಿತು. ರೈತರ ಸಾಲಪರಿಹಾರದ ಶಾಸನವು ಮದರಾಸಿನಲ್ಲಿ 1938ರಲ್ಲಿ ಬಂದಿತು. ಗ್ರಾಮಗಳ ಸಾಲದ ಲೆಕ್ಕವು ಆಗ ತರಗತಿಯ ವಿಷಯವಾಗಿ ಉಳಿದಿರಲಿಲ್ಲ, ಶಾಸನಸಭೆಯ ವಿಷಯವಾಗಿತ್ತು.

ಸ್ವಾತಂತ್ರ್ಯಾನಂತರ ಈ ಕೆಲಸವು ಬೆಳೆಯಿತು; ಬೆಳೆದಂತೆ ವಿದ್ಯಾರ್ಥಿಯ ಕೈತಪ್ಪಿತು. 1954ರಲ್ಲಿ ಭಾರತ ಸರ್ಕಾರವು ಮದರಾಸು, ಪುಣೆ ಮೊದಲಾದೆಡೆಗಳಲ್ಲಿ ಕೃಷಿ–ಆರ್ಥಿಕ ಸಂಶೋಧನ ಕೇಂದ್ರಗಳನ್ನು ಏರ್ಪಡಿಸಿತು. ಗ್ರಾಮಗಳನ್ನು ಕ್ರಮವಾಗಿ ಸಮೀಕ್ಷಿಸಿ ಕೆಲವು ವರ್ಷಗಳ ಮೇಲೆ ಮತ್ತೆ ಸಮೀಕ್ಷಿಸುವುದು ಅವುಗಳ ಕಾರ್ಯ. ಸಂಬಳದ ಶೋಧಕರು, ಅಚ್ಚುಹಾಕಿದ ನಮೂನೆಗಳು, ಸಂಖ್ಯಾಶಾಸ್ತ್ರದ ಆಯ್ಕೆಯ ಕ್ರಮ ಇವೆಲ್ಲವೂ ಬಂದುದರಿಂದ ಅಂಕಿಗಳ ವಿಶ್ವಾಸಾರ್ಹತೆಯು ಹೆಚ್ಚಿತೆಂಬುದು ನಿರ್ವಿವಾದ. ಆದರೆ ತರಗತಿಯ ವಿದ್ಯಾರ್ಥಿಗೆ ಗ್ರಾಮಾರ್ಥಶಾಸ್ತ್ರವು ಮತ್ತೆ ಪುಸ್ತಕದ ವಿಷಯವಾಯಿತು. ಮಿಲ್ಲನ ಸ್ಥಳದಲ್ಲಿ ಸಂಶೋಧನ ಕೇಂದ್ರದ ವರದಿಯ ಸಾರಾಂಶವು ಕುಳಿತಿತು. ಬಾಯಿಪಾಠವು ಬಾಯಿಪಾಠವಾಗಿಯೇ ಉಳಿಯಿತು. ಸ್ಲೇಟರರ ಕಾಲಕ್ಕಿಂತ ಭಿನ್ನವಾಗಿ ಈಗ ಕಾಲೇಜಿಗೆ ಒಕ್ಕಲಿನ ಮಗನೂ ಆಳಿನ ಮಗಳೂ ಬರತೊಡಗಿದರು. ಕೇರಿಯ ಒಲೆಯನ್ನು ಒಳಗಿನಿಂದ ಬಲ್ಲ ವಿದ್ಯಾರ್ಥಿಯು ಕೊನೆಗೆ ತರಗತಿಗೆ ಬಂದು ಕುಳಿತ ಹೊತ್ತಿಗೆ ಅವನ ಕೈಗೆ ಪ್ರಶ್ನಾವಳಿಯನ್ನು ಕೊಡುವ ವಾಡಿಕೆ ತಪ್ಪಿಹೋಗಿದ್ದುದು ಈ ಚರಿತ್ರೆಯ ಅತ್ಯಂತ ಖೇದಕರವಾದ ಅಂಶ.

ಮೈಸೂರು ಸೀಮೆಯ ಗ್ರಾಮಗಳಿಗೆ ಖ್ಯಾತಿ ಬಂದುದೂ ತರಗತಿಯ ದಾರಿಯಿಂದಲ್ಲ. 1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ ಅದನ್ನು ‘ರಾಂಪುರ’ವೆಂದು ಕರೆದು ಬರೆದರು. 1954ರಿಂದ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು, ಕಾಲುವೆಯ ನೀರು ಹರಿದ ‘ವಂಗಲ’ವನ್ನೂ ನೀರು ಹತ್ತದ ‘ದಲೇನ’ವನ್ನೂ, ಹೋಲಿಸಿ ನೋಡಿದರು. ನೀರು ಬಂದ ಹಳ್ಳಿಯು ಬೇಸಾಯದಲ್ಲಿಯೇ ಮುಳುಗಿ ಹಳೆಯ ಸಂಬಂಧಗಳನ್ನು ಉಳಿಸಿಕೊಂಡಿತು. ನೀರು ಬಾರದ ಹಳ್ಳಿಯು ಹೊರಗೆ ದುಡಿಯಲು ಹೋಗಿ ಬದಲಾಯಿತು. ಮ್ಯಾನ್ ಅವರ ಎರಡು ಗ್ರಾಮಗಳನ್ನು ಓದಿದವರಿಗೆ ಈ ಹೋಲಿಕೆಯಲ್ಲಿ ಪರಿಚಿತವಾದ ಧ್ವನಿಯೊಂದು ಕೇಳುತ್ತದೆ. 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಪಾಂಡಿತ್ಯಕ್ಕೆ ಕೊರತೆಯಾಗಲಿಲ್ಲ, ಬಿ.ಎ. ತರಗತಿಯಿಂದ ಆ ಸಂಸ್ಥೆಗಳಿಗೆ ಇರುವ ದಾರಿಯೇ ದೂರವಾಯಿತು.

ಸ್ಲೇಟರರ ಗ್ರಾಮಗಳು ಮಾತ್ರ ಮತ್ತೆ ಮತ್ತೆ ಸಂದರ್ಶಕರನ್ನು ಕಂಡವು. 1961ರಲ್ಲಿ ಮಾರ್ಗರೆಟ್ ಹ್ಯಾಸ್‌ವೆಲ್ ಅವರೂ, 1980ರ ದಶಕದ ಆರಂಭದಲ್ಲಿ ಮದರಾಸಿನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಗುಹನ್ ಅವರೂ ಅವರ ಸಹೋದ್ಯೋಗಿಗಳೂ ಅಲ್ಲಿಗೆ ಹೋದರು. 2008ರಲ್ಲಿ ಜಾನ್ ಹ್ಯಾರಿಸ್, ಜೆ. ಜೆಯರಂಜನ್ ಮತ್ತು ಕೆ. ನಾಗರಾಜ್ ಅವರು ಇರುವೇಲ್ಪಟ್ಟಿಗೆ ಹೋದಾಗ ಮೊದಲನೆಯ ಬರಹಕ್ಕೆ ತೊಂಬತ್ತೆರಡು ವರ್ಷಗಳಾಗಿದ್ದವು. ಊರಿನ ಜನರು ಬೇಸಾಯವೊಂದನ್ನೇ ನಂಬಿ ಬದುಕುತ್ತಿರಲಿಲ್ಲ. ಹಿಂದಿನ ದೊಡ್ಡ ಭೂಮಾಲಿಕರ ಅಧಿಕಾರವು ಕುಗ್ಗಿತ್ತು. ಪಡಿಯಾಳಿನ ಮೊಮ್ಮಕ್ಕಳು ಯಾವ ಮನೆಗೂ ಕಟ್ಟುಬಿದ್ದಿರಲಿಲ್ಲ. 1916ರಲ್ಲಿ ರಜೆಗೆಂದು ಊರಿಗೆ ಬಂದ ವಿದ್ಯಾರ್ಥಿಯು ಬರೆದುಕೊಂಡು ಹೋದ ಕೂಲಿಯ ಲೆಕ್ಕವಿಲ್ಲದಿದ್ದರೆ ಈ ಬದಲಾವಣೆಯನ್ನು ಅಳೆಯಲು ಹಿಂದಿನ ಗುರುತೇ ಇರುತ್ತಿರಲಿಲ್ಲ.